ಬಂಡೆಕೇರಿಯ ಠರಾವು

ನನ್ನ ಹೆಂಡತಿ ಶಿವಲೀಲಾ ಬಲಗೈ ಎತ್ತಿದ್ದು ಯುಗಾದಿ ಮುಗಿದ ಮರುವಾರ, ಪುರಸಭೆಯ ಸಾಮಾನ್ಯ ಸಭೆಯಲ್ಲಿ. ಅದು ಇಳಿದದ್ದು ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ. ನಡುವಿನ ಅಷ್ಟೂ ಕಾಲ ಅವಳ ಅನ್ನ ಕಲಸಿದವನು ನಾನು, ಜಡೆ ಹೆಣೆದವನು ನಾನು, ಸೀರೆಯ ನೆರಿಗೆ ಹಿಡಿದವನು ನಾನು. ಇದನ್ನು ಹೇಳಿಕೊಂಡು ಹೊಗಳಿಸಿಕೊಳ್ಳುವಂಥದ್ದೇನೂ ಇಲ್ಲ. ನಮ್ಮೂರಲ್ಲಿ ಮೆಂಬರ್ ಆದವರ ಮನೆಯಲ್ಲಿ ಯಾರಾದರೂ ಒಬ್ಬರು ಈ ಕೆಲಸ ಮಾಡಲೇಬೇಕು.

ನಮ್ಮ ಪುರಸಭೆಯಲ್ಲಿ ಒಂದು ಕೆಲಸ ಮಾಡೋಣವೆಂದು ಠರಾವು ಆದರೆ, ಆ ಠರಾವಿಗೆ ಎತ್ತಿದ ಕೈಗಳು ಕೆಲಸ ಮುಗಿಯುವ ತನಕ ಇಳಿಯುವುದಿಲ್ಲ. ಎಳೆದರೂ ಇಳಿಯುವುದಿಲ್ಲ, ಕಂಬದ ಹಾಗೆ ನಿಂತಿರುತ್ತವೆ. ಎತ್ತಬೇಕಾದದ್ದು ಊಟ ಮಾಡುವ ಕೈಯನ್ನೇ. ಹಿಂದೊಬ್ಬರು ಚುನಾವಣೆಗೆ ನಿಲ್ಲುವ ಮೊದಲೇ ಎಡಗೈಯಲ್ಲಿ ಉಣ್ಣುವುದನ್ನು ಕಲಿತಿದ್ದರು. ಗೆದ್ದು ಬಂದು, ಈಗ ಉಣ್ಣುವ ಕೈ ಇದೇ ಎಂದು ಎಡಗೈ ಎತ್ತಿದರು, ಅದು ನಿಂತಿತು. ಮನೆಗೆ ಹೋಗಿ ತಾಟಿನ ಮುಂದೆ ಕುಳಿತಾಗ ಬಲಗೈಯಲ್ಲಿ ಉಣ್ಣುವುದು ಮರೆತೇಹೋಗಿದೆ ಎಂದು ಗೊತ್ತಾಯಿತು. ಹಳ್ಳದ ಸೇತುವೆಗೆ ಕೈ ಎತ್ತಿದ್ದ ಇನ್ನೊಬ್ಬ ಹಿರಿಯರನ್ನು ನಾನು ಸಣ್ಣವನಿದ್ದಾಗ ನೋಡಿದ್ದೇನೆ. ಸೇತುವೆ ಆಗಲೇ ಇಲ್ಲ. ಅವರನ್ನು ಕುಳ್ಳಿರಿಸಿ ಮಣ್ಣು ಮಾಡುವ ದಿನ ಗುಂಡಿಯನ್ನು ಇನ್ನೂ ಆಳ ತೋಡಬೇಕಾಯಿತು.

ಹೀಗಾಗಿ ನಮ್ಮ ಮೆಂಬರುಗಳು ಜಾಣರಾಗಿದ್ದರು. ಮೊದಲು ಕಂಬಕ್ಕೆ ಬಲ್ಬು ಹಾಕಿಸುತ್ತಿದ್ದರು, ಆಮೇಲೆ ಬಲ್ಬು ಹಾಕುವ ಠರಾವು ಮಾಡುತ್ತಿದ್ದರು. ಕೈ ಎದ್ದದ್ದೇ ಇಳಿಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಕೈ ಏಳುತ್ತಿದ್ದದ್ದು ಸಂತಾಪ ಸೂಚನೆಗೆ. ಒಂದು ನಿಮಿಷ ಎದ್ದು ನಿಂತರೆ ಆ ಕೆಲಸ ಮುಗಿಯಿತಲ್ಲ. ರಸ್ತೆ, ಗಟಾರು, ನೀರು ಇವಕ್ಕೆ ಮಾತ್ರ ಮೇಲಿನಿಂದ ಹಣ ಬರಬೇಕು, ಹಣ ಬರಲು ಮೊದಲು ಠರಾವು ಬೇಕು. ಆ ವಿಷಯ ಬಂದಾಗ ಮೆಂಬರುಗಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು.

ಬೇರೆ ಊರುಗಳಲ್ಲಿ ಹೆಂಡತಿ ಗೆದ್ದರೆ ಗಂಡ ಹೋಗಿ ಕುರ್ಚಿಯಲ್ಲಿ ಕೂರುತ್ತಾನಂತೆ. ನಮ್ಮಲ್ಲಿ ಯಾವ ಗಂಡನಿಗೂ ಆ ಆಸೆ ಇಲ್ಲ. ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾದ ದಿನ ಓಣಿಯ ಗಂಡಸರು ಪೇಡೆ ಹಂಚಿದರು. ಹೆಂಗಸರಲ್ಲೂ ಯಾರೂ ಮುಂದೆ ಬರಲಿಲ್ಲ. ಶಿವಲೀಲಾ ಬಂದಳು. ಅವಳು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು, ನಾನು ಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದೆ. "ಏ, ರೊಟ್ಟಿ ಬಡಿಯೋ ಕೈ ಅದು, ಹುಚ್ಚಿ," ಎಂದೆ. "ಅದಕ್ಕ ಗಟ್ಟಿ ಐತಿ," ಎಂದಳು. ಅವಿರೋಧವಾಗಿ ಆಯ್ಕೆಯಾದಳು. ಹಾರ ಹಾಕಲು ಬಂದವರು ಅವಳ ಮುಖ ನೋಡಲಿಲ್ಲ, ಬಲಗೈಯನ್ನೇ ನೋಡಿದರು.

ಬಂಡೆಕೇರಿ ಅವಳ ವಾರ್ಡಿನದೇ. ಊರ ಬಡಗಣ ತುದಿಯಲ್ಲಿ ಬಂಡೆಗಳ ಮೇಲೆ ಒಂದರ ಹೆಗಲ ಮೇಲೊಂದು ಏರಿ ಕುಳಿತ ಮನೆಗಳು. ನೀರು ಬೇಕಾದರೆ ಹೆಂಗಸರು ಕೆಳಗಿನ ಬಾವಿಗೆ ಇಳಿದು, ಕೊಡ ಹೊತ್ತು ಏರಬೇಕು. ಬೇಸಿಗೆಯಲ್ಲಿ ಆ ಬಾವಿಯೂ ಬತ್ತುತ್ತಿತ್ತು. ಆ ಯುಗಾದಿ ಮರುವಾರದ ಸಭೆಗೆ ಕೇರಿಯ ಹೆಂಗಸರು ಖಾಲಿ ಕೊಡ ತಂದು ಪುರಸಭೆಯ ಅಂಗಳದಲ್ಲಿ ಕುಳಿತರು. ನಾನು ಗಿರಣಿ ಮುಚ್ಚಿ ಸಭೆಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಹನ್ನೊಂದು ಮೆಂಬರುಗಳು, ಆರು ಕೈ ಎದ್ದರೆ ಠರಾವು.

ರಾಚಪ್ಪನೆಂಬ ಹಳೆಯ ಮೆಂಬರು ಮೊದಲು ಮಾತಾಡಿದ. ಹೋಟೆಲ್ ಇಟ್ಟವನು, ನಾಲ್ಕು ಸಲ ಗೆದ್ದವನು, ಸಂತಾಪ ಬಿಟ್ಟು ಬೇರೆ ಯಾವುದಕ್ಕೂ ಕೈ ಎತ್ತದವನು. "ಮೆಂಬರಕ್ಕಾ, ಬಂಡೆಕೇರಿಗೆ ಒಂದು ನಳ ಅಂತ ಬರಸು. ಕೇರಿ ಬಾಯಾಗ ಒಂದು ನಳ ನಿಂದರಸಿ ಬಿಡೂಣು. ವಾರದಾಗ ಕೈ ಇಳೀತಾವ. ನಿನಗೂ ಚಲೋ, ನಮಗೂ ಚಲೋ."

"ಒಂದು ನಳಕ್ಕ ನೂರು ಕೊಡ ಹಚ್ಚಿ, ಜಡಿ ಹಿಡಿದು ಬಡದಾಡೂದು ನೋಡಬೇಕೇನ್ರಿ ನಾನು?" ಎಂದಳು ಶಿವಲೀಲಾ. "ಬಂಡೆಕೇರಿಯ ಪ್ರತಿ ಮನಿಗೂ ನಳ, ನಳದಾಗ ನೀರು. ಹಂಗ ಬರೀರಿ."

"ಪ್ರತಿ ಮನಿ ಅಂದ್ರ ಎಲ್ಲಿ ತನಕ? ಮ್ಯಾಲ ಏರಿ ನೋಡಿಯೇನು?"

"ಎಲ್ಲಿ ತನಕ ಮನಿ ಅದಾವೋ ಅಲ್ಲಿ ತನಕ."

ರಾಚಪ್ಪ ಉಳಿದವರ ಕಡೆ ತಿರುಗಿದ. "ನಾಕು ಸಲ ಮೆಂಬರ್ ಆಗೀನಿ. 'ಪ್ರತಿ' ಅನ್ನೋ ಮಾತು ಈ ಮೇಜಿನ ಮ್ಯಾಲ ಯಾರೂ ಇಟ್ಟಿರಲಿಲ್ಲ. ತಂಗಿ, ಆ ಒಂದು ಮಾತು ತಗಿ. ನಾ ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ."

ಅವನು ನಿಜವಾಗಿಯೂ ಒಳ್ಳೆಯದಕ್ಕೇ ಹೇಳುತ್ತಿದ್ದ. ಈಗ ಅದು ನನಗೆ ಗೊತ್ತಾಗುತ್ತದೆ. ಅವತ್ತು ಅವನ ಮೀಸೆ ಹಿಡಿದು ಎಳೆಯಬೇಕು ಅನ್ನಿಸಿತ್ತು.

ಶಿವಲೀಲಾ ಕೈ ಎತ್ತಿದಳು. ಹೊರಗೆ ಹೆಂಗಸರು ಕೊಡಗಳನ್ನು ಉಂಗುರದಿಂದ ಬಡಿಯತೊಡಗಿದರು. ದರ್ಜಿ ಅಮೀನಸಾಬರು, ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು, "ನಮ್ಮವ್ವ ಆ ಬಾವಿ ನೀರು ಹೊತ್ತು ಹೊತ್ತು ಗೂನಾಗಿ ಸತ್ಲು," ಎಂದು ಯಾರಿಗೂ ಅಲ್ಲದಂತೆ ಹೇಳಿ ಕೈ ಎತ್ತಿದರು. ಇನ್ನೂ ಮೂವರು ಎತ್ತಿದರು. ಆರನೆಯದಕ್ಕೆ ಎಲ್ಲರೂ ಅಧ್ಯಕ್ಷ ಅಂದಾನಪ್ಪನನ್ನು ನೋಡಿದರು. ಕೊಡಗಳ ಸದ್ದು ನಿಲ್ಲಲಿಲ್ಲ. "ಹಾಳಾಗಿ ಹೋಗ್ಲಿ, ಮೂರು ತಿಂಗಳ ಕೆಲಸ ಅಂತ ಇಂಜಿನಿಯರ್ ಹೇಳ್ಯಾನ," ಎಂದು ಅಂದಾನಪ್ಪನೂ ಎತ್ತಿದ. ರಾಚಪ್ಪನೂ ಸೇರಿ ಅವನ ಕಡೆಯ ಐವರು ಕೈ ಮೇಲೆ ಕುಳಿತೇ ಇದ್ದರು. ಹೊರಗೆ ಬಂದಾಗ ಹೆಂಗಸರು ಶಿವಲೀಲಾಳ ಎತ್ತಿದ ಅಂಗೈಗೆ ಅರಿಶಿನದ ಭಂಡಾರ ಹಚ್ಚಲು ಹೋದರು. ಯಾರಿಗೂ ನಿಲುಕಲಿಲ್ಲ. ನಗುತ್ತಾ ಅವಳೇ ಬಗ್ಗಿದಳು.

ಮೊದಲ ತಿಂಗಳು ನಗುವಿನಲ್ಲೇ ಹೋಯಿತು. ಅವಳು ರಸ್ತೆ ಬದಿ ನಡೆದರೆ ಬಸ್ಸುಗಳು ನಿಲ್ಲುತ್ತಿದ್ದವು. ಕಂಡಕ್ಟರ್ ಕತ್ತು ಹೊರಗೆ ಹಾಕಿ, ನೋಡಿ, "ಓ, ಮೆಂಬರ್ರಾ!" ಎಂದು ಸೀಟಿ ಊದುತ್ತಿದ್ದ. ಶಾಲೆಯ ಹುಡುಗರು "ಟೀಚರ್, ಇವರು ಹೊರಗ ಹೋಗಬೇಕಂತ್ರಿ!" ಎಂದು ಕೂಗಿ ಓಡುತ್ತಿದ್ದರು. ಅಮೀನಸಾಬರು ಎಡಗೈಯಿಂದಲೇ ಆರೂ ಜನರಿಗೆ ಹೆಗಲ ಮೇಲೆ ಗುಂಡಿ ಇರುವ ಅಂಗಿ, ಕುಪ್ಪಸ ಹೊಲಿದು ಕೊಟ್ಟರು. ಮಲಗುವಾಗ ಸೊಳ್ಳೆಪರದೆಯನ್ನು ಅವಳ ಬೆರಳಿಗೇ ಕಟ್ಟುತ್ತಿದ್ದೆವು. "ಮೊಳಿ ಬಡಿಯೋ ಖರ್ಚು ಉಳೀತು ನೋಡ್ರಿ," ಎನ್ನುತ್ತಿದ್ದಳು. ರೊಟ್ಟಿ ಮಾತ್ರ ನಿಂತಿತು. ನಾನು ಬಡಿದು ನೋಡಿದೆ. ಖಾನಾವಳಿಯವನು ಒಂದನ್ನು ಬೆಳಕಿಗೆ ಹಿಡಿದು, "ಫಕೀರಪ್ಪ, ನೀ ಗಿರಣಿ ನಡಸು," ಎಂದು ವಾಪಸ್ಸು ಕೊಟ್ಟ.

ಕೆಲಸ ಚೆನ್ನಾಗಿಯೇ ನಡೆಯಿತು. ನಮ್ಮೂರಲ್ಲಿ ಗುತ್ತಿಗೆದಾರರು ಮೋಸ ಮಾಡಲು ಬರುವುದಿಲ್ಲ. ಬಿಲ್ಲಿನಲ್ಲಿ ಏನೇ ಬರೆದರೂ ಕೈ ಇಳಿಯದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಗುತ್ತಿಗೆ ಹಿಡಿದ ಪರಪ್ಪ ಮುಂಗಾರಿನೊಳಗೆ ಕೇರಿಯ ಅರ್ಧ ಮನೆಗಳಿಗೆ ಪೈಪು ಏರಿಸಿದ. ಒಂದೊಂದು ನಳ ಬಂದಾಗಲೂ ಶಿವಲೀಲಾ ಹೋಗುತ್ತಿದ್ದಳು. ಮೊದಲ ನೀರಲ್ಲಿ ಚಹಾ ಮಾಡಿ ಅವಳಿಗೆ ಕುಡಿಸುತ್ತಿದ್ದರು. ಒಂದೇ ದಿನ ಏಳೆಂಟು ಮನೆ ಚಹಾ ಕುಡಿದು ಬಂದು ಹೊಟ್ಟೆ ಉರಿ ಎಂದು ಒದ್ದಾಡಿದ್ದೂ ಉಂಟು. ಮಹಾನವಮಿಯ ಹೊತ್ತಿಗೆ ಕೇರಿಯ ಎಲ್ಲ ಮನೆಗಳಿಗೂ ನಳ ಬಂತು. ಒಂದು ಮನೆಯ ಹೊರತು.

ಅದು ದುರುಗವ್ವನ ಮನೆ. ಕೇರಿ ಮುಗಿದ ಮೇಲೆ ಒಂದು ದೊಡ್ಡ ಸೀಳು, ಆ ಸೀಳಿನಾಚೆ ಬೋಳು ಬಂಡೆಯ ನೆತ್ತಿಯ ಮೇಲೆ ಒಂದೇ ಮನೆ. ದುರುಗವ್ವ ಈಚಲ ಗರಿಯ ಕಸಬರಿಗೆ ಕಟ್ಟಿ ಮಾರುತ್ತಿದ್ದಳು. ಗಂಡ ಸತ್ತು ವರ್ಷಗಳಾಗಿದ್ದವು. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಕನ್ನಡ ಶಾಲೆಯ ಏಳನೆಯ ಇಯತ್ತೆ. ಅಷ್ಟು ಮೇಲೆ ನೀರು ಏರಬೇಕಾದರೆ ಬೇರೆ ಪಂಪು ಬೇಕು, ಬಂಡೆ ಸಿಡಿಸಬೇಕು, ಇದ್ದ ಹಣ ಸಾಲದು ಎಂದ ಪರಪ್ಪ. ಹೆಚ್ಚಿನ ಹಣಕ್ಕೆ ಹೊಸ ಠರಾವು ಬೇಕು. ಹೊಸ ಠರಾವಿಗೆ ಆರು ಕೈ ಬೇಕು. ಆಗಲೇ ಎದ್ದು ನಿಂತ ಕೈಯನ್ನು ಇನ್ನೊಂದಕ್ಕೆ ಲೆಕ್ಕ ಹಿಡಿಯುವಂತಿಲ್ಲ. ಊರಲ್ಲಿ ಬಿಡುವಾಗಿದ್ದ ಕೈ ಐದೇ, ಅವೂ ರಾಚಪ್ಪನ ಕಡೆಯವು. ಹಳೆಯ ಠರಾವನ್ನು ರದ್ದು ಮಾಡಬೇಕೆಂದರೂ ಆರು ಕೈ. ದುರುಗವ್ವನಿಗೆ ಕೆಳಗೆ ಬೇರೆ ಜಾಗ ಕೊಡಬೇಕೆಂದರೂ ಆರು ಕೈ. ಯಾವ ಕಡೆಯಿಂದ ಹೋದರೂ ಬಂದು ನಿಲ್ಲುತ್ತಿದ್ದದ್ದು ಅಲ್ಲೇ.

ಪರಪ್ಪ ಒಂದು ಉಪಾಯ ಮಾಡಿದ. ದುರುಗವ್ವನ ಗೋಡೆಗೆ ನಳ ಕೂರಿಸಿ, ಹಿಂದಿನಿಂದ ರಬ್ಬರ್ ಪೈಪು ಎಳೆದು, ಸೀಳಿನ ಈಚೆ ಟ್ಯಾಂಕರ್ ನಿಲ್ಲಿಸಿ ಡೀಸೆಲ್ ಪಂಪಿನಿಂದ ನೀರು ಬಿಟ್ಟ. ನಳದಲ್ಲಿ ನೀರು ಬಂತು. ಊರಲ್ಲಿ ಆರೂ ಕೈಗಳು ನಿಧಾನವಾಗಿ ಮೊಣಕೈ ಮಡಚಿ ಇಳಿಯತೊಡಗಿದವು. ಶಿವಲೀಲಾ ಉಸಿರು ಬಿಗಿಹಿಡಿದು ಕುಳಿತಿದ್ದಳು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಷ್ಟರಲ್ಲಿ ಟ್ಯಾಂಕರ್ ಖಾಲಿಯಾಗಿರಬೇಕು. ಕೈ ಬಂದ ದಾರಿಯಲ್ಲೇ ಮೇಲೆ ಹೋಯಿತು. ಅವಳು ಚೀರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ನಗು ನಿಂತಿತು. ಕೈ ತೆಳ್ಳಗಾಗಿ ಕಟ್ಟಿಗೆಯಂತಾಯಿತು, ಬೆರಳುಗಳು ಕಪ್ಪಿಟ್ಟವು. ದವಾಖಾನೆಯ ಡಾಕ್ಟರು ಇಂಥ ಕೈಗಳನ್ನು ಹಿಂದೆಯೂ ನೋಡಿದ್ದರು. "ಈ ಚಳಿಗಾಲ ದಾಟಿದ್ರ ಇಳದ್ರೂ ಕೆಲಸಕ್ಕ ಬರೂದಿಲ್ಲ, ಎಣ್ಣಿ ತಿಕ್ಕತಿರ್ರಿ," ಎಂದರು. ನಾನು ಸ್ಟೂಲಿನ ಮೇಲೆ ನಿಂತು ಎಣ್ಣೆ ತಿಕ್ಕುತ್ತಿದ್ದೆ. ಎಣ್ಣೆ ಅವಳ ಕಂಕುಳಿಗೆ ಇಳಿಯುತ್ತಿತ್ತು, ಅವಳಿಗೆ ತಿಕ್ಕಿದ್ದೂ ತಿಳಿಯುತ್ತಿರಲಿಲ್ಲ.

ಊರೂ ನಿಂತುಹೋಗಿತ್ತು. ಒಂದು ಬಲ್ಬಿಗೂ ಠರಾವು ಮಾಡುವಂತಿರಲಿಲ್ಲ. ಸಂತೆಯ ಮೈದಾನದಲ್ಲಿ ಕೆಸರು, ಗಟಾರು ತುಂಬಿ ಬೀದಿಗೆ ಬಂದಿತ್ತು. ಗಿರಣಿಗೆ ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು. "ಒಂದು ಮನಿ ಸಲುವಾಗಿ ಊರಿಗೆ ಊರ ಕೈ ಎತ್ತಿ ನಿಂತೈತಲ್ಲೋ ಫಕೀರಪ್ಪ." "ಆ ತುದಿ ಮ್ಯಾಲ ಹೋಗಿ ಮನಿ ಕಟ್ಟು ಅಂತ ಆಕಿಗೆ ಯಾರು ಹೇಳಿದ್ರು?" ನಾನು ಜೋಳ ಸುರಿಯುತ್ತಾ ಹೂಂ ಅನ್ನುತ್ತಿದ್ದೆ. ನಮ್ಮ ಮನೆಯಲ್ಲಿ ದುರುಗವ್ವನ ಕಸಬರಿಗೆ ಸವೆದಿತ್ತು. ಹೊಸದನ್ನು ಕೊಳ್ಳಲು ನಾನು ಅವಳ ಹತ್ತಿರ ಹೋಗಲಿಲ್ಲ, ಪೇಟೆಯಿಂದ ಪ್ಲಾಸ್ಟಿಕ್ಕಿನದು ತಂದೆ. ಬೇರೆಯವರೂ ಅದನ್ನೇ ತಂದರು ಎಂದು ಕೇಳಿದೆ.

ಅಂದಾನಪ್ಪ ಒಂದು ಸಂಜೆ ನಮ್ಮ ಮನೆಗೆ ಬಂದ. ಕೈ ಬಾಗಿಲ ಚೌಕಟ್ಟಿಗೆ ತಾಗದಂತೆ ಮಂಡಿ ಮಡಚಿ ಒಳಗೆ ಬಂದು ಕುಳಿತ. "ಶಿವಲೀಲಾ, ದುರುಗವ್ವ ನಿನ್ನ ಮಾತು ಕೇಳ್ತಾಳ. ಮನಿ ಬಿಡಸಬೇಕು ಅನ್ನಾಕತ್ತಿಲ್ಲ ನಾನು. ಒಂದು ಸಲ ಹೋಗಿ ಬಾ. ಮಾತಾಡಿ ಬಾ, ಅಷ್ಟ."

ಅವನು ಹೋದ ಮೇಲೆ ಶಿವಲೀಲಾ, "ಹೋಗೂಣು ನಡೀರಿ," ಎಂದಳು. "ಯಾರು ಏನೇ ಅಂದ್ರೂ ನೀ ಕದಲಬ್ಯಾಡ ಅಂತ ಹೇಳಿ ಬರತೀನಿ. ಇಲ್ಲಾಂದ್ರ ಈ ಮಂದಿ ಆಕಿನ್ನ ಓಡಸ್ತಾರ."

ಮರುದಿನ ಏರಿದೆವು. ಸೀಳಿನ ಮೇಲೆ ಹಾಸಿದ್ದ ಕಲ್ಲಿನ ಮೇಲೆ ನಾನು ಅವಳ ಸೊಂಟ ಹಿಡಿದು ದಾಟಿಸಿದೆ. ಒಂದು ಕೈ ಮೇಲಿದ್ದರೆ ಮೈಯ ತೂಕ ತಪ್ಪುತ್ತದೆ. ದುರುಗವ್ವ ಬಾಗಿಲಲ್ಲಿ ಗರಿ ಸೀಳುತ್ತಾ ಕುಳಿತಿದ್ದಳು. ಪಕ್ಕದಲ್ಲಿ ಮಾರಾಟವಾಗದ ಕಸಬರಿಗೆಗಳು ಮನುಷ್ಯರೆತ್ತರ ಒಟ್ಟಿದ್ದವು. ಚಿಕ್ಕ ಮಗಳು ಶಿವಲೀಲಾಳ ಬೆರಳುಗಳನ್ನೇ ನೋಡಿದಳು.

"ಬಾರವ್ವ, ಕುಂದ್ರು. ಯಾಕ ಬಂದಿ ಇಷ್ಟು ದೂರ?" ಎಂದಳು ದುರುಗವ್ವ.

ಶಿವಲೀಲಾ ಬಾಯಿ ತೆರೆದಳು. ನಾನು ಪಕ್ಕದಲ್ಲೇ ನಿಂತಿದ್ದೆ, ತೆರೆದದ್ದನ್ನು ನೋಡಿದೆ. "ನೀರಡಿಕಿ ಆಗೇತಿ," ಎಂದಳು. ದುರುಗವ್ವ ಚರಿಗೆ ತಂದಳು. ಬಾವಿಯಿಂದ ಹೊತ್ತು ತಂದ ನೀರು. ನಾನು ಚರಿಗೆ ಹಿಡಿದು ಕುಡಿಸಿದೆ. ಅವಳು ಕುಡಿದಳು. ಒಂದಿಷ್ಟು ಹೊತ್ತು ಮಳೆಯ ಮಾತು, ಮಕ್ಕಳ ಶಾಲೆಯ ಮಾತು ಆಯಿತು. ಎದ್ದು ಬಂದೆವು. ಸೀಳು ದಾಟಿದ ಮೇಲೆ "ಹೇಳಲಿಲ್ಲಲ್ಲ?" ಎಂದೆ. "ಬಾಯಿಗೆ ಬರಲಿಲ್ಲ," ಎಂದಳು. ಅವಳು ದುರುಗವ್ವನಿಗೆ ಏನೂ ಅನ್ನಲಿಲ್ಲ ಎಂಬುದು ನಿಜ. ಆದರೆ ಹಾಗೆ ಕೈ ಎತ್ತಿಕೊಂಡು ಒಬ್ಬರ ಬಾಗಿಲಲ್ಲಿ ಹೋಗಿ ನಿಂತವರು ಏನೂ ಅನ್ನಲಿಲ್ಲ ಎಂದರೆ ಯಾರು ನಂಬಬೇಕು?

ನಾಲ್ಕಾರು ದಿನ ಕಳೆದಿರಬೇಕು. ಬೆಳಗಿನ ಬಿಸಿಲಲ್ಲಿ ಹಿತ್ತಿಲ ಕಟ್ಟೆಯ ಮೇಲೆ ಕುಳ್ಳಿರಿಸಿ ಅವಳ ಜಡೆ ಹೆಣೆಯುತ್ತಿದ್ದೆ. ಒಮ್ಮೆಲೆ ಅವಳ ಕೈ ನನ್ನ ಹೆಗಲ ಮೇಲೆ ಬಿತ್ತು, ಹಿಟ್ಟಿನ ಚೀಲ ಜಾರಿ ಬಿದ್ದ ಹಾಗೆ. ಅಲ್ಲಿಂದ ಅವಳ ತೊಡೆಗೆ ಜಾರಿತು. ಇಬ್ಬರೂ ಅದನ್ನೇ ನೋಡಿದೆವು. ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಅಷ್ಟರಲ್ಲಿ ದರ್ಜಿ ಓಣಿಯಿಂದ ಅಮೀನಸಾಬರ ಮನೆಯವರ ಗದ್ದಲ ಕೇಳಿಸಿತು, "ಇಳೀತು! ಇಳೀತು!" ಅಂದಾನಪ್ಪನ ಮನೆಯ ಕಡೆ ದೀಪಾವಳಿಯಲ್ಲಿ ಉಳಿದ ಸರ ಪಟಾಕಿ ಸಿಡಿಯಿತು. ಶಿವಲೀಲಾ ಎಡಗೈಯಿಂದ ಬಲಗೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡು ನಕ್ಕಳು. ನಾನು ಅವಳ ಬೆರಳು ಒಂದೊಂದನ್ನೇ ಮಡಚಿ ಬಿಡಿಸಿದೆ.

ನಗು ಅರ್ಧಕ್ಕೆ ನಿಂತಿತು. "ರೀ, ಬಂಡೆ ಸಿಡಿಸಾಕ ಸುರುಂಗ ಹಾರಿಸಿದ ಸಪ್ಪಳ ಕೇಳಿತ್ತೇನು?"

"ಇಲ್ಲ."

"ಮತ್ತ ನೀರು ಹೆಂಗ ಏರಿತು?"

"ಹೆಂಗರ ಏರಲಿ. ಬೆರಳು ಅಲಗಾಡಸು ನೋಡೂಣು."

ಅವಳು ಅರ್ಧ ಹೆಣೆದ ಜಡೆಯಲ್ಲೇ ಎದ್ದು ಹೊರಟಳು. ನಾನು ಹಿಂದೆ ಓಡಿದೆ. ಬೀದಿಯಲ್ಲಿ ರಾಚಪ್ಪನ ಹೋಟೆಲಿನ ಮುಂದೆ ಜನ ಸೇರಿದ್ದರು. "ಮೆಂಬರಕ್ಕಾ, ಚಹಾ ಕುಡಿದು ಹೋಗು, ಇವತ್ತು ಎಲ್ಲಾ ಪುಕ್ಕಟೆ!" ಎಂದು ಕೂಗಿದರು. ಅವಳು ನಿಲ್ಲಲಿಲ್ಲ.

ದುರುಗವ್ವನ ಮನೆ ಇರಲಿಲ್ಲ. ಬಂಡೆಯ ನೆತ್ತಿಯ ಮೇಲೆ ಅದಿದ್ದ ಜಾಗದಲ್ಲಿ ಒಲೆಯ ಮಸಿಯ ಗುರುತು ಒಂದೇ ಉಳಿದಿತ್ತು. ಗೋಡೆಯ ಕಲ್ಲುಗಳನ್ನು ಕಿತ್ತು, ದೊಡ್ಡವು ಬೇರೆ ಸಣ್ಣವು ಬೇರೆ ಮಾಡಿ ಪಕ್ಕಕ್ಕೆ ಒಪ್ಪವಾಗಿ ಒಟ್ಟಿದ್ದಳು. ಯಾರೋ ಕೆಡವಿದ ಹಾಗೆ ಕಾಣುತ್ತಿರಲಿಲ್ಲ. ಸಂಸಾರಸ್ಥೆ ಅಡುಗೆಮನೆ ಎತ್ತಿಟ್ಟ ಹಾಗೆ ಕಾಣುತ್ತಿತ್ತು. ಬಂಡೆಕೇರಿಯಲ್ಲಿ ಈಗ ಪ್ರತಿ ಮನೆಗೂ ನಳ ಇತ್ತು.

ಸೀಳಿನ ಈಚೆಯ ಮನೆಯವಳು ತನ್ನ ನಳಕ್ಕೆ ಕೊಡ ಹಚ್ಚಿ ನಿಂತಿದ್ದಳು. "ತಾನ ಕಿತ್ತಿದ್ಲ್ರಿ," ಎಂದಳು. "ನಿನ್ನೆಯಿಂದ ಒಂದೊಂದ ಕಲ್ಲು ತಗೀತಿದ್ಲು. ಮುಂಜಾನೆ ಗಾಡಿ ಹೂಡಿಸಿಕೊಂಡು ಸೀಮಿಕಲ್ಲಿನ ಕಡೆ ಹೋದ್ಲು. ನಾವು ಯಾರೂ ಹೋಗು ಅಂದಿಲ್ಲ ನೋಡ್ರಿ."

"ಇರು ಅಂತ ಯಾರರ ಅಂದ್ರೇನು?"

ಕೊಡ ತುಂಬಿ ಹರಿಯುತ್ತಿತ್ತು. ಅವಳು ನಳ ನಿಲ್ಲಿಸಲಿಲ್ಲ. "ನೀವು ಅಂದಿದ್ರೇನ್ರಿ ಮೆಂಬರಕ್ಕಾ?" ಎಂದು ಕೇಳಿದಳು. ಕುಟುಕುವುದಕ್ಕಲ್ಲ, ತಿಳಿಯಲೆಂದೇ ಕೇಳಿದಳು.

ಸೀಮೆಕಲ್ಲು ಊರಿನಾಚೆ, ಹಳ್ಳದ ದಂಡೆಗೆ ಇದೆ. ಅದರಿಂದಾಚೆ ಪುರಸಭೆಯದು ಏನೂ ನಡೆಯುವುದಿಲ್ಲ, ಬಲ್ಬೂ ಇಲ್ಲ, ಗಟಾರೂ ಇಲ್ಲ. ಕಲ್ಲು ದಾಟಿ ಸ್ವಲ್ಪ ದೂರಕ್ಕೆ ಗಾಡಿ ಬಿಚ್ಚಿ, ಪಾತ್ರೆ ಇಳಿಸಿ, ದುರುಗವ್ವ ನೆಲ ಮಟ್ಟ ಮಾಡುತ್ತಿದ್ದಳು. ನಮ್ಮನ್ನು ನೋಡಿ ಸಲಿಕೆ ಊರಿ ನಿಂತಳು.

"ಕೈ ಇಳೀತೇನವ್ವ?"

"ಇಳೀತು."

"ಉಳದವರದು?"

"ಎಲ್ಲಾರದೂ."

"ಹಂಗಾರ ಆತಲ್ಲ," ಎಂದು ಮತ್ತೆ ಸಲಿಕೆ ಎತ್ತಿದಳು.

"ಯಾಕ ಹಿಂಗ ಮಾಡಿದಿ? ಒಂದೀಟು ತಡದಿದ್ರ ಏನರ ದಾರಿ ಆಗತಿತ್ತು."

"ನಾ ತಡೀತಿದ್ನೆವ್ವ. ನಿಮ್ಮ ಊರು ತಡೀಲಿಲ್ಲ. ನನ್ನ ಕಸಬರಗಿ ಯಾರೂ ಮುಟ್ಟಲಿಲ್ಲ. ಸಾಲ್ಯಾಗ ನನ್ನ ಮಗಳು ಒಳಗ ಬಂದ್ಲಂದ್ರ ಹುಡುಗೂರೆಲ್ಲಾ ಎದ್ದು ಬಲಗೈ ಎತ್ತಿ ನಿಂದರತಿದ್ವಂತ. ಮಾಸ್ತರ ನಕ್ಕೋತ ಕುಂದರತಿದ್ದನಂತ. ಆಕಿ ಸಾಲಿ ಬಿಟ್ಟ ಬಂದ್ಲು."

ಶಿವಲೀಲಾ ಎಡಗೈಯಿಂದ ಬಲಗೈಯನ್ನು ಮುಚ್ಚಿಕೊಂಡಳು. "ಅವತ್ತು ನಾ ಬಂದಾಗ..."

"ಬಂದಿದ್ದಿ. ಬೆರಳು ಕರ್ರಗಾಗಿದ್ವು."

"ನಾ ಏನೂ ಅಂದಿರಲಿಲ್ಲ, ದುರುಗವ್ವ."

"ಅಂದಿರಲಿಲ್ಲ," ಎಂದಳು ದುರುಗವ್ವ. ಆ ಮಾತು ಅಲ್ಲಿಗೇ ಬಿಟ್ಟು ನೆಲ ಮಟ್ಟ ಮಾಡತೊಡಗಿದಳು.

ಮುಂದಿನ ಸಭೆಗೆ ಶಿವಲೀಲಾ ಒಂದೇ ವಿಷಯ ಕೊಟ್ಟಳು. ಸೀಮೆಕಲ್ಲನ್ನು ಹಳ್ಳದಾಚೆಗೆ ಸರಿಸಬೇಕು, ದುರುಗವ್ವನ ಮನೆಯನ್ನು ಊರೊಳಗೆ ತಂದು ನಳ ಕೊಡಬೇಕು. ನಾನು ಅದೇ ಹಿಂದಿನ ಬೆಂಚಿನಲ್ಲಿದ್ದೆ. ಈ ಸಲ ಅಂಗಳದಲ್ಲಿ ಯಾರೂ ಕೊಡ ತಂದಿರಲಿಲ್ಲ. ಬಂಡೆಕೇರಿಯವರಿಗೆ ಮನೆಯಲ್ಲೇ ನೀರು ಬರುತ್ತಿತ್ತು.

"ಸೀಮಿ ಆಚೆಗಿನದು ನಮ್ಮ ಕೆಲಸ ಅಲ್ಲವ್ವಾ," ಎಂದ ಅಂದಾನಪ್ಪ, ತನ್ನ ಮಣಿಕಟ್ಟು ತಿಕ್ಕಿಕೊಳ್ಳುತ್ತಾ.

"ಅದಕ್ಕ ಸೀಮಿ ಸರಸೂಣು ಅನ್ನಾಕತ್ತೀನಿ."

"ಪ್ರತಿ ಅನ್ನೋ ಮಾತು ಹಾಕಿಲ್ಲಲ್ಲ ಈ ಸಲ?" ಎಂದ ರಾಚಪ್ಪ. ಒಂದಿಬ್ಬರು ನಕ್ಕರು. ಅವನು ನಗಲಿಲ್ಲ. "ಆತು, ಎತ್ತರಿ. ಎಷ್ಟು ಕೈ ಏಳ್ತಾವ ನೋಡೂಣು."

ಯಾರದೂ ಏಳಲಿಲ್ಲ. ಅಮೀನಸಾಬರು ಎದ್ದು ನಿಂತರು. "ತಂಗಿ, ನನ್ನ ಕೈ ಏಳ್ತದ. ಸುಳ್ಳು ಹೇಳೂದಿಲ್ಲ. ಆದ್ರ ನಾ ಎತ್ತೂದಿಲ್ಲ. ಮೊನ್ನೆ ಮೊಮ್ಮಗಳಿಗೆ ಎರಡೂ ಕೈಯಿಂದ ಒಂದು ಲಂಗ ಹೊಲದೀನಿ, ಎಂಟು ತಿಂಗಳಾದ ಮ್ಯಾಲ. ಕ್ಷಮಾ ಮಾಡು," ಎಂದು ಕುಳಿತರು. ಅವರನ್ನು ಬಯ್ಯಲು ನನಗೆ ಇವತ್ತಿಗೂ ಮಾತು ಸಿಕ್ಕಿಲ್ಲ.

ಎಲ್ಲರೂ ಶಿವಲೀಲಾಳನ್ನು ನೋಡಿದರು. ಅವಳ ಭುಜ ಅಲುಗಿತು. ಕುತ್ತಿಗೆಯ ನರ ಬಿಗಿದು ಮೇಲೆದ್ದಿತು. ಬಲಗೈ ಮಡಿಲಿನಿಂದ ಮೇಜಿನ ಅಂಚಿನವರೆಗೆ ಬಂತು, ಅಲ್ಲಿಂದ ಜಾರಿತು. ಮತ್ತೆ ಪ್ರಯತ್ನಿಸಿದಳು. ಎಡಗೈಯಿಂದ ಮಣಿಕಟ್ಟು ಹಿಡಿದು ತಲೆಯ ಮೇಲಕ್ಕೆ ಎತ್ತಿ ಬಿಟ್ಟಳು. ಮೇಜಿನ ಮೇಲೆ ಬಿತ್ತು, ನೀರಿನ ಲೋಟ ಉರುಳಿತು. ಜವಾನ ಬಂದು ಬಟ್ಟೆಯಿಂದ ಒರೆಸಿದ.

"ಇರಲಿ ಬಿಡವ್ವ," ಎಂದ ರಾಚಪ್ಪ, ಮೆತ್ತಗೆ. ಅಂದಾನಪ್ಪ ಮುಂದಿನ ವಿಷಯ ಓದಿದ.

ಹೊರಗೆ ಬಂದಾಗ ಬಡಗಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು, ಕಾಲವಲ್ಲದ ಕಾಲದ ಮಳೆ. ಮನೆಯ ಕಡೆ ತಿರುಗಬೇಕಾದಲ್ಲಿ ಅವಳು ತಿರುಗಲಿಲ್ಲ. ಹಳ್ಳದ ಕಡೆ ನಡೆದಳು, ನಾನೂ ನಡೆದೆ. ದುರುಗವ್ವನ ಗೋಡೆಗಳು ಎದೆಮಟ್ಟ ಎದ್ದಿದ್ದವು. ಗೋಡೆಯ ಮೇಲೆ ಹತ್ತಿ ನಿಂತು ಅವಳು ತಗಡು ಹೊದಿಸಿ ಹಗ್ಗದಿಂದ ಬಿಗಿಯುತ್ತಿದ್ದಳು. ಗಾಳಿಗೆ ತಗಡು ಎದ್ದೆದ್ದು ಬೀಳುತ್ತಿತ್ತು. ಒಂದು ತುದಿಗೆ ಇಬ್ಬರು ಹೆಣ್ಣುಮಕ್ಕಳು ಜೋತುಬಿದ್ದಿದ್ದರು.

ನಮ್ಮನ್ನು ನೋಡಿದರೂ ದುರುಗವ್ವ ಹಗ್ಗ ಬಿಡಲಿಲ್ಲ. "ಸಭಾ ಇತ್ತಂತಲ್ಲ. ಏನಾತು?" ಎಂದು ಗಾಳಿಯ ಮೇಲೆ ಕೂಗಿದಳು.

"ಏನೂ ಆಗಲಿಲ್ಲ," ಎಂದಳು ಶಿವಲೀಲಾ.

"ಹಂಗಾರ ಬಾ, ಈ ಕಡಿ ತಗಡು ಹಿಡಿ."

ಶಿವಲೀಲಾ ಎಡಗೈ ಎತ್ತಿ ಹಿಡಿದಳು. ಆಚೆ ತುದಿಗೆ ನಾನು ಹೋದೆ.